ದಗ್ಧೋತ್ತರ ಉದ್ಯೋಗ ಮೀಮಾಂಸೆ: ಕ್ಷೇಮ–ಸಾಹಸಗಳ ದ್ವಂದ್ವಾತ್ಮಕ ನೆಲೆಗಳು, ಒಂದು ಬಹುಶಿಸ್ತೀಯ ಅವಲೋಕನ

ಪ್ರವೇಶಿಕೆ

ಜಾಗತೀಕರಣೋತ್ತರ ಬೆಂಗಳೂರಿನ ಸಾಮಾಜಿಕ, ಆರ್ಥಿಕ, ಸಾಂಸ್ಕೃತಿಕ ಹಾಗೂ ಹೊರವರ್ತುಲ ರಸ್ತೆಯ ಸಂದರ್ಭದಲ್ಲಿ, ದುಡಿದು ದುಡಿದು ಬರ್ನ್‌ಔಟ್ ಆದ ಉದ್ಯೋಗಿಯು (ಇನ್ನು ಮುಂದೆ 'ದಗ್ಧ') ತನ್ನ ಕೈಲಿರುವ ಎರಡು ಆಫರ್ ಲೆಟರ್‌ಗಳ ಪೈಕಿ ಕ್ಷೇಮದ್ದಕ್ಕೆ ಸಹಿ ಹಾಕಬೇಕೋ ಸವಾಲಿನದ್ದಕ್ಕೆ ಹಾಕಬೇಕೋ ಎಂಬುದು ಕೇವಲ ಪ್ರಶ್ನೆಯಾಗಿ ಉಳಿಯದೆ ಒಂದು 'ಪ್ರಶ್ನಾತ್ಮಕತೆ'ಯಾಗಿ ಮೈದಾಳಿದೆ. ಈ ಪ್ರಶ್ನಾತ್ಮಕತೆಯನ್ನು ಅದರ ಸಮಗ್ರತೆಯಲ್ಲಿ, ಬಹುತ್ವದಲ್ಲಿ, ಮತ್ತು ಸಮಯ ಉಳಿದರೆ ವಾಸ್ತವದಲ್ಲಿ, ಅನುಸಂಧಾನ ಮಾಡುವುದು ಪ್ರಸ್ತುತ ಪ್ರಬಂಧದ ಘನ ಉದ್ದೇಶ.

ಸಂಶೋಧನೆಗೆ ಪ್ರೇರಣೆಯಾದದ್ದು ಕಂಪನಿಯೊಂದು ತನ್ನ ಸಿಬ್ಬಂದಿಗೆ ಶುಕ್ರವಾರ ಸಂಜೆ ಆರಕ್ಕೆ ಕಡ್ಡಾಯ ಮಾಡಿದ್ದ ಒತ್ತಡ ನಿರ್ವಹಣೆಯ ವೆಬಿನಾರ್. ಕೋಚ್ ಮಹಾಶಯರು ಪರದೆಯ ಮೇಲೆ ಎರಡು ವೃತ್ತ ಎಳೆದರು. ಚಿಕ್ಕದು ಕಂಫರ್ಟ್ ಝೋನ್, ಅದರೊಳಗೆ ನಾವಿದ್ದೆವು. ದೂರದ ದೊಡ್ಡ ವೃತ್ತದಲ್ಲಿ 'ಮ್ಯಾಜಿಕ್' ಇತ್ತು. ಇದರಿಂದ ಅದಕ್ಕೆ ಒಂದು ಬಾಣ. ಬಾಣದ ಮೇಲೆ ಏನನ್ನೂ ಬರೆದಿರಲಿಲ್ಲ. ಮನೆ ಬಾಡಿಗೆ, ಇಎಂಐ, ಅಪ್ಪನ ಡಯಾಲಿಸಿಸ್ ಮೂರನ್ನೂ ಬರೆಯುವಷ್ಟು ಜಾಗವಂತೂ ಧಾರಾಳವಾಗಿತ್ತು. ಬಂದವರ ಹಾಜರಿ ಹಾಕಿಕೊಳ್ಳಲಾಯಿತು. ಬಾರದವರಿಗೆ ಒತ್ತಡ ಕಡಿಮೆ ಮಾಡಿಕೊಳ್ಳದ ಬಗ್ಗೆ ಸಮಜಾಯಿಷಿ ಕೇಳಿ ಮೇಲ್ ಹೋಯಿತು.

ಅಧ್ಯಾಯ ಒಂದು: ಪೂರ್ವಸೂರಿಗಳು

ಈ ಶಾಸ್ತ್ರದ ಮೂಲಪುರುಷ ಹರ್ಬರ್ಟ್ ಫ್ರಾಯ್ಡೆನ್‌ಬರ್ಗರ್. ನ್ಯೂಯಾರ್ಕಿನ ಈ ಮನೋವಿಜ್ಞಾನಿ ಹಗಲು ಸ್ವಂತ ಕ್ಲಿನಿಕ್ಕು, ರಾತ್ರಿ ಉಚಿತ ಚಿಕಿತ್ಸಾಲಯ ಎಂದು ದುಡಿದು, ತಾವೇ ಕುಸಿದು, 1974ರಲ್ಲಿ ಆ ಸ್ಥಿತಿಯ ಮೇಲೆ ಲೇಖನ ಬರೆದರು. ತಾನು ಅನುಭವಿಸಿ ಬರೆಯುವ ಈ ಕೆಟ್ಟ ಚಾಳಿ ಆಮೇಲಿನ ಕೋಚುಗಳಲ್ಲಿ ಕಾಣಸಿಗದು. 1981ರಲ್ಲಿ ಕ್ರಿಸ್ಟಿನಾ ಮ್ಯಾಸ್ಲಾಕ್ ಮತ್ತು ಸೂಸನ್ ಜ್ಯಾಕ್ಸನ್ 22 ಹೇಳಿಕೆಗಳ ಮಾಪಕವೊಂದನ್ನು ಕೊಟ್ಟರು. ವಿಶ್ವ ಆರೋಗ್ಯ ಸಂಸ್ಥೆ ತನ್ನ ರೋಗ ವರ್ಗೀಕರಣದ 11ನೇ ಆವೃತ್ತಿಯಲ್ಲಿ ಇದಕ್ಕೆ ಮೂರು ಲಕ್ಷಣ ಹೇಳಿತು: ಶಕ್ತಿ ಬತ್ತುವುದು, ಕೆಲಸದ ಮೇಲೆ ಮನಸ್ಸು ಮುರಿಯುವುದು, ನನ್ನಿಂದ ಇನ್ನೇನೂ ಆಗದು ಅನ್ನಿಸುವುದು. ಆದರೆ ಇದು ಕಾಯಿಲೆಯಲ್ಲ, 'ಔದ್ಯೋಗಿಕ ವಿದ್ಯಮಾನ' ಎಂದು 2019ರಲ್ಲೇ ಸ್ಪಷ್ಟಪಡಿಸಿತು. ಈ ನಿರ್ವಚನವನ್ನು ನಮ್ಮ ಎಚ್ಆರ್ ಪಂಡಿತರು ಬಹುವಾಗಿ ಕೊಂಡಾಡಿದ್ದಾರೆ. ಕಾಯಿಲೆಯಲ್ಲದ್ದಕ್ಕೆ ಸಿಕ್ ಲೀವ್ ಕೊಡಬೇಕಿಲ್ಲ. ವಿದ್ಯಮಾನಕ್ಕೆ ವೆಬಿನಾರ್ ಮಾಡಿದರೆ ಸಾಕು.

ದೇಶೀ ಪರಂಪರೆಯಲ್ಲಿ ಮೂರು ಮತಗಳಿವೆ. 2023ರ ಅಕ್ಟೋಬರಿನಲ್ಲಿ ಎನ್.ಆರ್. ನಾರಾಯಣ ಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕೆಂದು ಸಪ್ತತಿವಾದವನ್ನು ಸ್ಥಾಪಿಸಿದರು. 2025ರ ಜನವರಿಯಲ್ಲಿ ಎಲ್ ಅಂಡ್ ಟಿ ಅಧ್ಯಕ್ಷ ಎಸ್.ಎನ್. ಸುಬ್ರಹ್ಮಣ್ಯನ್ ಅವರು ಭಾನುವಾರವನ್ನೂ ಒಳಗೊಂಡ ನವತಿವಾದದಿಂದ ಅದನ್ನು ಖಂಡಿಸಿದರು. ನಡುವೆ, 2024ರ ಜುಲೈಯಲ್ಲಿ, ಐಟಿಯವರ ದಿನದ ದುಡಿಮೆಯನ್ನು 14 ಗಂಟೆಯವರೆಗೆ ಹಿಗ್ಗಿಸುವ ಪ್ರಸ್ತಾವ ಕರ್ನಾಟಕ ಸರ್ಕಾರದ ಮುಂದೆ ಬಂದು, ನೌಕರರ ಸಂಘ ಕೂಗೆಬ್ಬಿಸಿದ ಮೇಲೆ ತಣ್ಣಗಾಯಿತು. ಮೂರಕ್ಕೂ ಸಮನ್ವಯ ಭಾಷ್ಯ ಬರೆಯಬಲ್ಲವರು ಇದ್ದಾರು, ಆದರೆ ಅವರಿಗೆ ಪುರಸೊತ್ತಿಲ್ಲ.

ಅಧ್ಯಾಯ ಎರಡು: ಕ್ಷೇಮೋದ್ಯೋಗದ ಪಂಚವಿಧ ವರ್ಗೀಕರಣ

ಕ್ಷೇಮೋದ್ಯೋಗವು ಐದು ಬಗೆ: ನಿತ್ಯಕ್ಷೇಮ, ಆಭಾಸಕ್ಷೇಮ, ಮಾವಕ್ಷೇಮ, ಇನ್ನೆರಡು.

ನಿತ್ಯಕ್ಷೇಮವೆಂದರೆ ಸರ್ಕಾರಿ ನೌಕರಿ. ಅದರ ನಿತ್ಯತ್ವಕ್ಕೆ ಆಧಾರವಾಗಿದ್ದ ಹಳೆಯ ಪಿಂಚಣಿಯು 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ರಾಜ್ಯ ನೌಕರರಿಗೆ ಇಲ್ಲವಾದ್ದರಿಂದ ಇದನ್ನು 'ಅನಿತ್ಯ-ನಿತ್ಯಕ್ಷೇಮ' ಎನ್ನುವುದೇ ಶಾಸ್ತ್ರೀಯ. ಪ್ರವೇಶವೂ ಸುಲಭವಲ್ಲ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ 2024ರ ಆಗಸ್ಟಿನಲ್ಲಿ ಕೆಪಿಎಸ್‌ಸಿ ನಡೆಸಿದ ಪೂರ್ವಭಾವಿ ಪರೀಕ್ಷೆಯ ಕನ್ನಡ ಪ್ರಶ್ನೆಗಳು ಕನ್ನಡಿಗರಿಗೇ ಅರ್ಥವಾಗದೆ, ಡಿಸೆಂಬರಿನಲ್ಲಿ ಮರುಪರೀಕ್ಷೆ ಮಾಡಿ, ಅದರಲ್ಲೂ ಅನುವಾದ ಎಡವಿತು. ಸುಸ್ತಾದವನು ವಿಶ್ರಾಂತಿಗೆಂದು ಹೋಗಿ ಕೂರುವ ಜಾಗ ಇದಲ್ಲ.

ಆಭಾಸಕ್ಷೇಮಕ್ಕೆ ಬ್ಯಾಂಕ್ ನೌಕರಿ ಉದಾಹರಣೆ. ಕರಾವಳಿಯ ಒಂದು ಪೀಳಿಗೆಗೆ ಕ್ಷೇಮ ಎಂದರೆ ಬ್ಯಾಂಕೇ ಆಗಿತ್ತು. 1931ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ವಿಜಯಾ ಬ್ಯಾಂಕ್ 2019ರಲ್ಲಿ ಬ್ಯಾಂಕ್ ಆಫ್ ಬರೋಡಾಕ್ಕೆ ಸೇರಿಹೋಯಿತು. ಉಡುಪಿಯಲ್ಲಿ ಹುಟ್ಟಿದ ಕಾರ್ಪೊರೇಷನ್ ಮತ್ತು ಸಿಂಡಿಕೇಟ್ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಒಟ್ಟೊಟ್ಟಿಗೆ ಬೋರ್ಡು ಇಳಿಸಿದವು. ನೌಕರಿ ಉಳಿಯಿತು, ನಿಜ. ಕೌಂಟರಿನ ಹಿಂದೆ ಕೂತು ಪಾಸ್‌ಬುಕ್ ಎಂಟ್ರಿ ಮಾಡಿಕೊಡುತ್ತಿದ್ದ ಸಂಭಾವಿತರು ಈಗ ತಿಂಗಳ ಕೊನೆಯಲ್ಲಿ ಟಾರ್ಗೆಟ್ ಮುಟ್ಟಿಸಲು ಸ್ವಂತ ಷಡ್ಡಕನಿಗೇ ಇನ್ಶೂರೆನ್ಸ್ ಮಾರುತ್ತಿದ್ದಾರೆ.

ಮಾವಕ್ಷೇಮ: ಯಾವ ಕೆಲಸದ ಹೆಸರನ್ನು ಹೆಣ್ಣಿನ ತಂದೆಗೆ ಎರಡನೇ ಸಲ ವಿವರಿಸಬೇಕಿಲ್ಲವೋ ಅದು.

ಇನ್ನೆರಡನ್ನು ಓದುಗರೇ ಊಹಿಸಿಕೊಳ್ಳಬೇಕು. ಐದು ಅಂದದ್ದು ಮೂರು ಅನ್ನುವುದಕ್ಕಿಂತ ಗಂಭೀರವಾಗಿ ಕೇಳಿಸುತ್ತದೆಂದಷ್ಟೆ.

ಅಧ್ಯಾಯ ಮೂರು: ಸಾಹಸೋದ್ಯೋಗ

ಇದರ ಲಕ್ಷಣ ಸರಳ. ಸಂದರ್ಶನದಲ್ಲಿ 'ನಾವೆಲ್ಲ ಒಂದೇ ಫ್ಯಾಮಿಲಿ' ಅನ್ನುತ್ತಾರೆ. ಸಂಬಳದ ಒಂದಂಶ ಷೇರಿನ ರೂಪದಲ್ಲಿರುತ್ತದೆ. ಆ ಷೇರು ನಗದಾಗುವ ದಿನ ಕಲಿಯುಗದ ಅಂತ್ಯಕ್ಕೆ ಹೊಂದಿಕೊಂಡಂತಿರುತ್ತದೆ. ಫ್ರಿಜ್ಜಿನಲ್ಲಿ ಕೊಂಬುಚಾ ಇರುತ್ತದೆ. ಈ ಅಧ್ಯಾಯವನ್ನು ಇಪ್ಪತ್ತು ಪುಟ ಬೆಳೆಸುವ ಯೋಜನೆಯಿತ್ತು. ಬೇಡ.

ಅಧ್ಯಾಯ ನಾಲ್ಕು: ಕ್ಷೇತ್ರಕಾರ್ಯ

ಅಧ್ಯಯನಕ್ಕೆ ಆಯ್ದುಕೊಂಡ ದಗ್ಧೆಯು ನನ್ನ ಹತ್ತಿರದ ಬಂಧು. ಮಾರತಹಳ್ಳಿ ಕಡೆಯ ಕಂಪನಿಯೊಂದರಲ್ಲಿ ಪ್ರೊಡಕ್ಷನ್ ಸಪೋರ್ಟ್. ಅಮೆರಿಕದಲ್ಲಿ ಹಗಲಾದಾಗ ಅಲ್ಲಿನ ಸರ್ವರ್ ಬಿದ್ದರೆ ಇಲ್ಲಿ ರಾತ್ರಿ ಇವಳು ಏಳಬೇಕು. ತಂಡದಲ್ಲಿದ್ದ ನಾಲ್ವರಲ್ಲಿ ಇಬ್ಬರು ಬಿಟ್ಟುಹೋದರು, ಒಬ್ಬನನ್ನು ತೆಗೆದರು. ಬದಲಿಗೆ ಯಾರೂ ಬರಲಿಲ್ಲ. ಅಪ್ರೈಸಲ್‌ನಲ್ಲಿ 'ಟೈಮ್ ಮ್ಯಾನೇಜ್‌ಮೆಂಟ್ ಸುಧಾರಿಸಬೇಕು' ಎಂದು ಬಂತು. ಒಂದು ದಿನ ರಾಜೀನಾಮೆ ಕೊಟ್ಟು, ತೊಂಬತ್ತು ದಿನದ ನೋಟಿಸ್ ಪೂರ್ತಿ ತೇಯ್ದು, ಹೊರಬಂದಳು.

ಅದಾಗಿ ಎರಡು ತಿಂಗಳ ಮೇಲೆ ತಿಪಟೂರಿನಲ್ಲೊಂದು ಮದುವೆ. ಎರಡನೇ ಪಂಕ್ತಿಯಲ್ಲಿ ಅವಳ ಪಕ್ಕದ ಎಲೆಯೇ ನನ್ನದು. ಒಬ್ಬಟ್ಟು ಬಂದು ಅದರ ಮೇಲೆ ತುಪ್ಪ ಬೀಳುವ ಹೊತ್ತಿಗೆ ಎದುರು ಸಾಲಿನಲ್ಲಿ ಯಾರದೋ ಫೋನು ಹೊಡೆದುಕೊಂಡಿತು. ಅವಳ ಹಳೆಯ ಆಫೀಸಿನ ಅಲರ್ಟಿಗಿದ್ದ ಟ್ಯೂನೇ ಅದಕ್ಕೂ ಇತ್ತು. ಎಂಜಲು ಕೈಯಲ್ಲೇ ಅವಳು ಧಡಕ್ಕನೆ ಎದ್ದು ನಿಂತಳು. 'ಊಟಕ್ಕೆ ಕೂತವಳು ನಡುವೆ ಏಳಬಾರದು, ಕೂತ್ಕೊಳೇ' ಅಂದರು ಆಚೆ ಎಲೆಯ ಅಜ್ಜಿ. ಕೂತಳು. ಒಬ್ಬಟ್ಟು ಮುಟ್ಟಲಿಲ್ಲ. ಎಡಗೈ ಸೊಂಟದ ಹತ್ತಿರ, ಇಲ್ಲದ ಲ್ಯಾಪ್‌ಟಾಪ್ ಬ್ಯಾಗಿಗೆ ತಡಕುತ್ತಿತ್ತು.

ಇಲ್ಲಿ ಪ್ರಬಂಧದ ವಸ್ತುನಿಷ್ಠತೆಗೆ ಭಂಗ ಬರುತ್ತದೆ, ಬರಲಿ. ನಾಲ್ಕು ಜನರ ಕೆಲಸವನ್ನು ಒಬ್ಬಳ ತಲೆಗೆ ಕಟ್ಟಿ, ಮೂರು ಸಂಬಳ ಉಳಿಸಿ, ಅವಳು ಬಿದ್ದ ಮೇಲೆ 'ನಿನಗೆ ರೆಸಿಲಿಯನ್ಸ್ ಕಡಿಮೆ' ಅನ್ನುವುದಕ್ಕೆ ಯಾವ ಶಾಸ್ತ್ರದಲ್ಲಿ ಆಧಾರವಿದೆ? ಇದಕ್ಕೆ ಉಸಿರಾಟದ ವ್ಯಾಯಾಮ ಹೇಳಿಕೊಡುವ ಕೋಚು ತಂಡಕ್ಕೆ ಮತ್ತಿಬ್ಬರನ್ನು ತೆಗೆದುಕೊಳ್ಳಿ ಎಂದು ಒಂದು ಸಲವಾದರೂ ಹೇಳಿದ್ದಾನೆಯೇ? ಹೇಳುವುದಿಲ್ಲ, ಅವನ ಚೆಕ್ಕಿಗೆ ಸಹಿ ಹಾಕುವವರೂ ಅವರೇ. ಕೈಗಾರಿಕೆಗಳಲ್ಲಿ ದುಡಿಮೆಯ ಷರತ್ತುಗಳನ್ನು ಬರೆದಿಡಲು ಇದ್ದ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಐಟಿ ಕಂಪನಿಗಳಿಗೆ ರಾಜ್ಯ ಕೊಟ್ಟಿದ್ದ ವಿನಾಯಿತಿಯನ್ನು 2024ರಲ್ಲಿ ಮತ್ತೆ ಐದು ವರ್ಷ ಮುಂದುವರಿಸಿದರು. ಕೆಲಸದ ಹೊತ್ತು ಮುಗಿದ ಮೇಲೆ ಮೇಲ್ ನೋಡದಿರುವ ಹಕ್ಕು ಫ್ರಾನ್ಸಿನವರಿಗೆ 2017ರಿಂದ ಕಾನೂನಿನಲ್ಲಿದೆ. ನಮ್ಮವರಿಗೆ ಯೋಗ ಮ್ಯಾಟ್ ಕೊಟ್ಟಿದ್ದಾರೆ, ಮೇಲೆ ಕಂಪನಿ ಲೋಗೋ.

ಅಧ್ಯಾಯ ಐದು: ತುಲನಾತ್ಮಕ ವಿಶ್ಲೇಷಣೆ

ದಗ್ಧೆಯ ಕೈಲಿದ್ದ ಎರಡು ಆಫರುಗಳಲ್ಲಿ ಕ್ಷೇಮದ್ದು ತುಮಕೂರು ಕಡೆಯ ಖಾಸಗಿ ಎಂಜಿನಿಯರಿಂಗ್ ಕಾಲೇಜಿನ ಲ್ಯಾಬ್ ಕೆಲಸ. ಸಂಬಳ ಹಳೆಯದರ ಮೂರನೇ ಒಂದು ಭಾಗ. ಸವಾಲಿನದ್ದು ಎಚ್ಎಸ್ಆರ್ ಲೇಔಟಿನ ಸ್ಟಾರ್ಟಪ್. ಬಂಧುಬಳಗ ಎರಡು ಪಕ್ಷವಾಯಿತು. ಒಂದು 'ತಲೆನೋವಿಲ್ಲದ ಕೆಲಸ ತಗೋ' ಎಂದಿತು, ಇನ್ನೊಂದು 'ಈ ವಯಸ್ಸಿಗೇ ರಿಟೈರಾಗ್ತೀಯಾ' ಎಂದಿತು. ವಿಚಾರಿಸಲಾಗಿ, ಕಾಲೇಜಿನಲ್ಲಿ ಏಪ್ರಿಲ್ ಬಂತೆಂದರೆ ಸಿಬ್ಬಂದಿ ಹಳ್ಳಿ ಹಳ್ಳಿ ತಿರುಗಿ ಅಡ್ಮಿಷನ್ ತರಬೇಕು. ತಾರದವರಿಗೆ ಜುಲೈ ಸಂಬಳ ತಡ. ಸ್ಟಾರ್ಟಪ್ಪಿನಲ್ಲಿ ರಾತ್ರಿ ಪಾಳಿ ಇಲ್ಲ, ಏಕೆಂದರೆ ಪಾಳಿಯೇ ಇಲ್ಲ.

ಹೀಗೆ ಕ್ಷೇಮದ್ದರಲ್ಲಿ ಕ್ಷೇಮ ಸಿಗಲಿಲ್ಲ, ಸವಾಲಿನದ್ದರಲ್ಲಿ ಸವಾಲೂ ಸಿಗಲಿಲ್ಲ. ಎರಡರಲ್ಲೂ ಸಿಕ್ಕಿದ್ದು ಬರೀ ಓಟ. ಈ ಇಡೀ ಶಾಸ್ತ್ರದಲ್ಲಿ ನನಗೆ ಉಪಯೋಗಕ್ಕೆ ಬಂದ ಪಂಡಿತ ಒಬ್ಬನೇ, ರಾಬರ್ಟ್ ಕರಾಸೆಕ್. ಸ್ವೀಡನ್ ಮತ್ತು ಅಮೆರಿಕದ ನೌಕರರ ಮಾಹಿತಿ ಇಟ್ಟುಕೊಂಡು 1979ರಲ್ಲೇ ಅವನು ಹೇಳಿದ್ದು ಇಷ್ಟು: ಬರೀ ಕೆಲಸದ ಭಾರ ಮನುಷ್ಯನನ್ನು ಬೀಳಿಸುವುದಿಲ್ಲ, ಭಾರ ಹೆಚ್ಚಾಗಿ, ತನ್ನ ಕೆಲಸದ ಮೇಲೆ ತನಗೇ ಹಿಡಿತ ಇಲ್ಲದಾಗ ಬೀಳುತ್ತಾನೆ. ಹಿಡಿತವಿದ್ದರೆ ಕಷ್ಟದ ಕೆಲಸದಲ್ಲೂ ಕಲಿಯುತ್ತಾನೆ, ಚಿಗುರುತ್ತಾನೆ. ಕೋಚಿನ ಎರಡು ವೃತ್ತಗಳಲ್ಲಿ ಈ ಹಿಡಿತಕ್ಕೆ ಜಾಗವೇ ಇರಲಿಲ್ಲ.

ದಗ್ಧೆ ಎರಡೂ ಕಡೆಗೆ ಒಂದೇ ಮಾತು ಕೇಳಿದಳು: ಒಂದು ತಿಂಗಳು ಬಿಟ್ಟು ಸೇರಬಹುದೇ? ಕಾಲೇಜಿನವರು ಸೋಮವಾರವೇ ಬನ್ನಿ ಎಂದರು. ಸ್ಟಾರ್ಟಪ್ಪಿನವರಿಗೆ ಶನಿವಾರವೇ ಬೇಕಿತ್ತು. ಅವಳು ಎರಡಕ್ಕೂ ಇಲ್ಲವೆಂದಳು. ಉಳಿತಾಯ ಇನ್ನು ನಾಲ್ಕು ತಿಂಗಳಿಗೆ ಸಾಲುತ್ತದಂತೆ. ಇಷ್ಟಾದರೂ ಉಳಿಸಿದ್ದಾಳಲ್ಲ, ಮನೆ ಸಾಲವಿರುವ ಬಹುಪಾಲು ದಗ್ಧರಿಗೆ ಇಲ್ಲವೆನ್ನುವ ಬಾಯಿಯೂ ಇರುವುದಿಲ್ಲ. ನಾಲ್ಕು ತಿಂಗಳು ಕಳೆದ ಮೇಲೆ ಏನು ಎಂಬುದಕ್ಕೆ ಈ ಪ್ರಬಂಧದಲ್ಲಿ ಉತ್ತರವಿಲ್ಲ.

ವಿನಂತಿ

ಇದನ್ನು ಓದುತ್ತಿರುವ ಚಿಕ್ಕಪ್ಪ, ಸೋದರತ್ತೆ, ಪಕ್ಕದ ಮನೆಯವರೇ, ನಿಮ್ಮಲ್ಲಿ ಯಾರಾದರೂ ಹೀಗೆ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದರೆ, ದಯವಿಟ್ಟು ಯುಗಾದಿ ಕಳೆಯುವವರೆಗಾದರೂ 'ಮುಂದೇನು' ಎಂದು ಕೇಳಬೇಡಿ. ಅವರ ಮುಂದೆ ನಿಮ್ಮ ಫೋನನ್ನು ಸೈಲೆಂಟಿನಲ್ಲಿಡಿ.