ಯೊಕ್ಕ ಮಾಷ್ಟ್ರು

ನಿವೃತ್ತಿಯ ನಂತರ ಏನಾದರೊಂದು ಕಲಿಯಲು ಕೂರುವವರಲ್ಲಿ ಎರಡು ಬಗೆ. ಒಂದು ಬಗೆಯವರು ಕಲಿತು ಸುಮ್ಮನಿರುತ್ತಾರೆ. ಇನ್ನೊಂದು ಬಗೆಯವರಿಗೆ ಬೆಳಿಗ್ಗೆ ಕಲಿತದ್ದನ್ನು ಸಂಜೆಯೊಳಗೆ ಯಾರಿಗಾದರೂ ಕಲಿಸದಿದ್ದರೆ ಊಟ ಸೇರುವುದಿಲ್ಲ. ನಮ್ಮ ಸಿದ್ಧಕಟ್ಟೆಯ ಮಾಷ್ಟ್ರು ಎರಡನೆಯವರು. ಆಯುಷ್ಯವಿಡೀ ಲೆಕ್ಕ ಕಲಿಸಿದ ಜೀವ. ಎದುರಿಗೊಬ್ಬ ಹುಡುಗ ಇಲ್ಲದೆ ಆಗುವುದಿಲ್ಲ. ಅಗಳಿನಾಚೆಯ ಮನೆ ನನ್ನದಾದ್ದರಿಂದ, ಐವತ್ತು ದಾಟಿದರೂ ಆ ಹುಡುಗ ನಾನೇ.

ಇದುವರೆಗೆ ಅವರು ಹೋಮಿಯೋಪತಿ, ಜೇನು ಸಾಕಣೆ, ಹಾರ್ಮೋನಿಯಂ ಹಿಡಿದು ಬಿಟ್ಟಿದ್ದಾರೆ. ಅವುಗಳ ಸುದ್ದಿ ಬೇಡ, ಜೇನಿನದ್ದಂತೂ ಖಂಡಿತ ಬೇಡ. ಈಗ ನಡೆಯುತ್ತಿರುವುದು ಜಪಾನೀ ಭಾಷೆ. ಅದರಲ್ಲೂ ವಾರ, ತಿಂಗಳು, ತಾರೀಕು.

ಇದಕ್ಕೆಲ್ಲ ಮೂಲ ಕಸ. ಮಗಳಿರುವುದು ನಗೋಯಾದಲ್ಲಿ. ಅವಳ ಎರಡನೇ ಬಾಣಂತನಕ್ಕೆ ಗಂಡ ಹೆಂಡತಿ ಹೋಗಿದ್ದಾಗ ಕಸ ಹೊರಗಿಡುವ ಕೆಲಸ ಮಾಷ್ಟ್ರ ಪಾಲಿಗೆ ಬಂತು. ಅಲ್ಲಿ ಸುಡುವ ಕಸಕ್ಕೆ ಒಂದು ದಿನ, ಪ್ಲಾಸ್ಟಿಕ್ಕಿಗೆ ಇನ್ನೊಂದು, ಬಾಟಲಿ ಡಬ್ಬಗಳಿಗೆ ಮತ್ತೊಂದು. ದಿನ ತಪ್ಪಿಸಿ ಇವರಿಟ್ಟ ಚೀಲವನ್ನು ಗಾಡಿಯವರು ಮುಟ್ಟಲಿಲ್ಲ. ಮೇಲೊಂದು ಚೀಟಿ ಅಂಟಿಸಿ ಹೋದರು. ಊರಿನ ಮಕ್ಕಳ ಪುಸ್ತಕಕ್ಕೆಲ್ಲ ಕೆಂಪು ಗೀಟು ಹಾಕಿದವರ ಕಸಕ್ಕೇ ಗೀಟು ಬಿತ್ತು! ಆ ಅವಮಾನ ತಡೆಯಲಾರದೆ ಗೆತ್ಸು, ಕಾ, ಸುಯಿ, ಮೊಕು, ಕಿನ್, ದೊ, ನಿಚಿ ಎಂದು ಬಾಯಿಪಾಠ ಶುರುವಾಯಿತು.

ಸೋಮವಾರದಿಂದ ಹಿಡಿದರೆ ಚಂದ್ರ, ಬೆಂಕಿ, ನೀರು, ಮರ, ಚಿನ್ನ, ಮಣ್ಣು, ಸೂರ್ಯ. ಬೆಂಕಿಯೆಂದರೆ ಮಂಗಳ, ನೀರು ಬುಧ, ಮರ ಗುರು, ಚಿನ್ನ ಶುಕ್ರ, ಮಣ್ಣು ಶನಿ. "ನಮ್ಮ ಗ್ರಹಗಳೇ ಅಲ್ವಾ ಮಾರಾಯ್ರೆ! ಎಲ್ಲ ಇಲ್ಲಿಂದಲೇ ಹೋದದ್ದು!" ಈ ಮಾತು ಕೇಳಿದರೆ ನನಗೆ ಮೈಯುರಿ. ಈ ಸಲ ಅದು ಬಹುಮಟ್ಟಿಗೆ ನಿಜವಾದ್ದರಿಂದ ಇನ್ನೂ ಉರಿ. ಬೌದ್ಧ ಭಿಕ್ಷು ಅಮೋಘವಜ್ರ 8ನೇ ಶತಮಾನದಲ್ಲಿ ನಮ್ಮ ಗ್ರಹ ನಕ್ಷತ್ರಗಳ ವಿದ್ಯೆಯನ್ನು ಚೀನೀ ಗ್ರಂಥವೊಂದಕ್ಕೆ ಇಳಿಸಿದ. ಜಪಾನಿನ ಕೂಕಾಯ್ 806ರಲ್ಲಿ ಅದನ್ನು ತನ್ನ ದೇಶಕ್ಕೆ ಒಯ್ದ. ಏಳು ವಾರ ಅದರೊಳಗಿತ್ತು. "ವಾರ ನಮಗೂ ಗ್ರೀಕರ ಕಡೆಯಿಂದ ಬಂದದ್ದಂತೆ" ಎಂದು ನಾನು ಬಾಯಿ ತೆರೆದರೆ ಮಾತ್ರ ಮಾಷ್ಟ್ರಿಗೆ ತೋಟದಲ್ಲಿ ತುರ್ತು ಕೆಲಸ ನೆನಪಾಗುತ್ತದೆ.

ಅವರಿಗೆ ತೀರಾ ಇಷ್ಟದ ಕತೆ ಸಂಬಳದ್ದು. ಜಪಾನ್ ಸರಕಾರ ಹಳೆಯ ಪಂಚಾಂಗ ಬಿಟ್ಟು ಹೊಸ ಕ್ಯಾಲೆಂಡರ್ ಹಿಡಿದಾಗ ಹನ್ನೆರಡನೇ ತಿಂಗಳ ಎರಡನೇ ದಿನಕ್ಕೆ ವರ್ಷ ಮುಗಿಸಿ, ಮರುದಿನವೇ 1873ರ ಜನವರಿ 1 ಎಂದಿತು. ಎರಡು ದಿನದ ತಿಂಗಳಿಗೆ ಸಂಬಳವಿಲ್ಲ. ಮುಂದಿನ ವರ್ಷದ ಅಧಿಕ ಮಾಸವೂ ಹೋದ್ದರಿಂದ ಆ ಸಂಬಳವೂ ಉಳಿಯಿತು. ಇದನ್ನು ಹೇಳುವಾಗ ಮಾಷ್ಟ್ರ ಮುಖ ಕೆಂಪಾಗುತ್ತದೆ. ತಮ್ಮದೇ ತುಟ್ಟಿಭತ್ಯೆ ಬಾಕಿ ಇದ್ದಾಗಲೂ ಅವರು ಅಷ್ಟು ಸಿಟ್ಟಾದದ್ದನ್ನು ನಾನು ಕಂಡಿಲ್ಲ.

ತಿಂಗಳಿನ ಪಾಠ ಸಲೀಸು, ಒಂದನೇ ತಿಂಗಳು, ಎರಡನೇ ತಿಂಗಳು ಎಂದು ಎಣಿಸುತ್ತ ಹೋದರಾಯಿತು. ತಕರಾರಿರುವುದು ಮಾಷ್ಟ್ರ ಹೆಂಡತಿ ಅಕ್ಕನದ್ದು. ಅವರಿಗೆ ತುಳುವಿನ ಪಗ್ಗು, ಬೇಶ, ಕಾರ್ತೆಲ್, ಆಟಿ ಬಿಟ್ಟರೆ ಬೇರೆ ತಿಂಗಳಿಲ್ಲ. ಬೇಶ ಹತ್ತಕ್ಕೆ ಪತ್ತನಾಜೆ, ಅಲ್ಲಿಗೆ ಕೋಲ, ನೇಮ, ಮೇಳದ ತಿರುಗಾಟ ಬಂದ್. ಆಟಿ ಅಮಾವಾಸ್ಯೆಗೆ ಪಾಲೆಯ ಕಷಾಯ. ಅಕ್ಕ ಹಾಲಿನ ಲೆಕ್ಕ ಬರೆದಿಡುವ ಕ್ಯಾಲೆಂಡರಿನ ಮನೆಗಳಲ್ಲಿ ಮಾಷ್ಟ್ರು ಸ್ಕೆಚ್ ಪೆನ್ನಿನಿಂದ ಬೆಂಕಿ, ನೀರು ಬಿಡಿಸಿಟ್ಟು ಡಿಪೋದವರ ಮುಂದೆ ಅವರ ಮರ್ಯಾದೆ ಹೋಯಿತು.

ನನ್ನದು ಹೋದದ್ದು ತಾರೀಕಿನಲ್ಲಿ. ಜಪಾನಿಯಲ್ಲಿ ಮೊದಲ ಹತ್ತು ತಾರೀಕುಗಳು ಮಾಮೂಲಿ ಅಂಕೆಗಳ ಮಾತು ಕೇಳುವುದಿಲ್ಲ. ತ್ಸುಯಿತಾಚಿ, ಫುತ್ಸುಕ, ಮಿಕ್ಕ, ಯೊಕ್ಕ, ಇತ್ಸುಕ, ಮುಯಿಕ, ನನೋಕ, ಯೋಕ, ಕೊಕೊನೋಕ, ತೋಕ. ಜುಲೈಯಲ್ಲಿ ಅಡಿಕೆಗೆ ಎರಡನೇ ಸಲ ಮದ್ದು ಬಿಡಬೇಕಿತ್ತು. ಮದ್ದು ಬಿಡುವವ ಇಬ್ಬರಿಗೂ ಒಬ್ಬನೇ. ದಿನ ಗೊತ್ತುಮಾಡುವವರು ಮಾಷ್ಟ್ರು. ಫೋನಿನಲ್ಲಿ "ಯಾವತ್ತು ಮಾಷ್ಟ್ರೇ?" ಎಂದರೆ "ಯೋಕ!" ಎಂದು ಇಟ್ಟುಬಿಟ್ಟರು. ಮಳೆಗಾಲದ ನೆಟ್‌ವರ್ಕಿನಲ್ಲಿ ನನಗೆ ಕೇಳಿಸಿದ್ದು ಯೊಕ್ಕ. ನಾಲ್ಕನೇ ತಾರೀಕು ಬೆಳಕು ಹರಿಯುವ ಮೊದಲೇ ಎದ್ದು, ನೂರು ಲೀಟರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣದ ಲೆಕ್ಕದಲ್ಲಿ ಎರಡು ಡ್ರಮ್ ಬೋರ್ಡೋ ಕಲಸಿಟ್ಟೆ. ಅದು ಅದೇ ದಿನ ಮುಗಿಯಬೇಕಾದ ಮದ್ದು. ಬಿಸಿಲು ಬಂತು, ಜನ ಬರಲಿಲ್ಲ. ಮಧ್ಯಾಹ್ನ ನೀಲಿ ಕೈಗಳಲ್ಲೇ ಹೋಗಿ ಕೇಳಿದೆ.

"ನಾನು ಹೇಳಿದ್ದು ಎಂಟು. ದೀರ್ಘ ಎಳೆದಿದ್ದೆ ನೋಡಿ, ಯೋ...ಕ! ನೀವು ಒತ್ತಕ್ಷರ ಎಲ್ಲಿಂದ ತಂದಿರಿ? ಏಳನೇ ಕ್ಲಾಸಿನಲ್ಲೂ ನಿಮಗೆ ಇದೇ ತೊಂದರೆ."

"ಎಂಟು ಅಂತಲೇ ಹೇಳಬಹುದಿತ್ತಲ್ಲ ಮಾಷ್ಟ್ರೇ?"

"ಹೇಳಿದರೆ ಕಲಿಯುವುದು ಯಾವಾಗ?"

ಇಂಥವರ ಮೇಲೆ ಸಿಟ್ಟು ನಿಲ್ಲದಿರುವುದೇ ಕಷ್ಟ. ಭಾನುವಾರ ಸಂಜೆ ಅವರು ಜಗಲಿಯಲ್ಲಿ ಮೊಬೈಲನ್ನು ಚೊಂಬಿಗೆ ಒರಗಿಸಿ ಕೂರುತ್ತಾರೆ. ನಮಗೆ ನಾಲ್ಕೂವರೆಯೆಂದರೆ ಅಲ್ಲಿ ಎಂಟು, ಮೊಮ್ಮಗಳು ಮಲಗುವ ಮೊದಲು. ಕನ್ನಡ ಅವಳಿಗೆ ಬರುತ್ತದೆ, ತಾರೀಕು ಮಾತ್ರ ಬಾಲವಾಡಿಯಲ್ಲಿ ಕಲಿತ ಜಪಾನಿಯಲ್ಲೇ. ಡಿಸೆಂಬರಿನಲ್ಲಿ ಯಾವತ್ತು ಬರುತ್ತೀ ಎಂದರೆ "ಹತ್ಸುಕ" ಎನ್ನುತ್ತಾಳೆ. ಇಪ್ಪತ್ತು ಎಂದು ಅಮ್ಮ ಹೇಳಿಕೊಡುವ ಮೊದಲೇ ಅರ್ಥವಾಗಬೇಕೆಂಬುದು ಅಜ್ಜನ ಹಟ. ಉಚ್ಚಾರ ತಪ್ಪಿದರೆ ಅವಳು ಬಿಡುವುದಿಲ್ಲ, ಮೂರು ಮೂರು ಸಲ ಹೇಳಿಸುತ್ತಾಳೆ. ಇವರು ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳುತ್ತಾರೆ. ಜೀವಮಾನವಿಡೀ ತಿದ್ದಿದವರಿಗೆ ತಿದ್ದಿಸಿಕೊಳ್ಳುವುದು ಸುಲಭವಲ್ಲ. ಬಹುಶಃ ಮುಪ್ಪಿನಲ್ಲಿ ಕಲಿಯಬೇಕಾದ್ದು ಅದೊಂದೇ. ನೋಡಿ, ನಾನೂ ಪಾಠ ಹೇಳಲು ತೊಡಗಿದೆ. ಅಗಳು ದಾಟಿ ಬಂದ ರೋಗ.

ತಾರೀಕು ಮುಗಿದು ಮಾಷ್ಟ್ರು ಈಗ ಎಣಿಕೆಗೆ ಬಂದಿದ್ದಾರೆ. ಜಪಾನಿಯಲ್ಲಿ ಉದ್ದದ ವಸ್ತುವಿಗೆ ಒಂದು ಲೆಕ್ಕ, ತೆಳ್ಳಗಿನದ್ದಕ್ಕೆ ಇನ್ನೊಂದು, ಬೆಕ್ಕು ನಾಯಿಗಳಿಗೆ ಬೇರೆಯೇ. ಮಗಳ ಮನೆಗೆ ಕಳಿಸಲೆಂದು ನನ್ನಿಂದ ಕೈಗಡ ಒಯ್ದ ತೆಂಗಿನಕಾಯಿ ಯಾವ ಲೆಕ್ಕಕ್ಕೆ ಸೇರುತ್ತದೆಂದು ಅವರಿಗಿನ್ನೂ ತಿಳಿದಿಲ್ಲ. ಅದು ತಿಳಿಯುವವರೆಗೆ ವಾಪಸು ಕೊಡುವಂತಿಲ್ಲವಂತೆ.