ಚೌಕಟ್ಟಿನೊಳಗಿನ ಸಂಸಾರ

ಹನುಮಸಾಗರದ ನಮ್ಮ ಓಣಿಯಲ್ಲಿ ಕಟ್ಟಿಗೆಗೆ ಏನೇ ಆದರೂ ಆರೋಪಿ ಒಬ್ಬನೇ: ಒರಲಿ. ನಮ್ಮ ಬಾಗಿಲ ಚೌಕಟ್ಟಿನ ಬುಡದಲ್ಲಿ ದಿನಾ ಬೆಳಿಗ್ಗೆ ಚಿಟಿಕೆ ಹೊಟ್ಟು ಬೀಳತೊಡಗಿದಾಗ ಪಕ್ಕದವರು ಸೀಮೆಎಣ್ಣೆ ಎಂದರು, ಎದುರಿನವರು ಅರಿಸಿನ ಎಂದರು, ಇನ್ನೊಬ್ಬರು ಮನೆ ಮಾರಿಬಿಡಿ ಎಂದರು. ಕೊಳ್ಳುವ ಗಿರಾಕಿ ಅವರೇ. ಒರಲಿಯಾದರೆ ಮಣ್ಣಿನ ಹಾದಿ ಕಟ್ಟಿಕೊಂಡು ಬಂದು ಕಟ್ಟಿಗೆಯನ್ನೇ ಉಣ್ಣುತ್ತದೆ, ಇದು ಗೊದ್ದದ ಕೆಲಸ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಪುಸ್ತಕದವರು ಇದನ್ನು ಬಡಗಿ ಇರುವೆ ಎನ್ನುತ್ತಾರೆ. 1861ರಲ್ಲಿ ಆಸ್ಟ್ರಿಯಾದ ಗುಸ್ತಾವ್ ಮೈಯರ್ ಈ ಕುಲಕ್ಕೆ ಕ್ಯಾಂಪೊನೋಟಸ್ ಎಂದು ಹೆಸರಿಟ್ಟ. ಸಾವಿರಕ್ಕೂ ಹೆಚ್ಚು ಜಾತಿಗಳಿವೆ. ಮರ ತಿನ್ನುವುದಿಲ್ಲ. ಕೊರೆದು ಪಡಸಾಲೆ, ಬಾಣಂತಿ ಕೋಣೆ ಮಾಡಿಕೊಂಡು ಹೊಟ್ಟನ್ನು ಹೊರಗೆ ಚೆಲ್ಲುತ್ತದೆ, ಅಷ್ಟೆ. ಊಟಕ್ಕೆ ನಮ್ಮ ಬೆಲ್ಲದ ಡಬ್ಬಿ ಇದೆಯಲ್ಲ! ನಮ್ಮ ಸೀಮೆಯ ದೊಡ್ಡ ಕರಿ ಗೊದ್ದ ಸಾಮಾನ್ಯವಾಗಿ ಗಿಡದ ಬುಡದ ನೆಲದಲ್ಲೇ ಗೂಡು ಮಾಡುವುದು. ನಮ್ಮಲ್ಲಿಗೆ ಬಂದ ತಂಡಕ್ಕೆ ಸ್ವಲ್ಪ ಅಭಿರುಚಿ ಜಾಸ್ತಿ.

ಕೆಣಕಿದರೆ ಕೆಲವು ಬಡಗಿ ಇರುವೆಗಳು ದವಡೆ, ಹೊಟ್ಟೆಗಳಿಂದ ಮರ ಬಡಿದು ಒಳಗಿನವರನ್ನು ಎಚ್ಚರಿಸುತ್ತವೆ ಎಂದು ಓದಿದ್ದೆ. ಓದಿದ್ದನ್ನು ಪರೀಕ್ಷಿಸದೆ ಬಿಡುವ ಜಾಯಮಾನ ನನ್ನದಲ್ಲ. ಎಲ್ಲರೂ ಮಲಗಿದ ಮೇಲೆ ಅಗಳಿ ಹಾಕಿ, ಹಿತ್ತಾಳೆ ಚಂಬಿನ ಬಾಯಿಯನ್ನು ಚೌಕಟ್ಟಿಗೆ ಒತ್ತಿ, ಅದರ ತಳಕ್ಕೆ ಕಿವಿ ಕೊಟ್ಟು ಬೆರಳಿನಿಂದ ಬಡಿದೆ. ಟಕ್ ಟಕ್. ಸ್ವಲ್ಪ ಹೊತ್ತಿಗೆ ಮರದೊಳಗಿಂದ ಬಂತು: ಟಕ್ ಟಕ್! ಮೈ ಜುಮ್ಮೆಂದಿತು. ಮೂರು ಬಡಿದೆ, ಮೂರೇ ಬಂತು. ಇರುವೆಗೆ ಎಣಿಕೆ ಬರುತ್ತದೆ! ವಿಜ್ಞಾನ ಪತ್ರಿಕೆಗೆ ಬರೆಯಬೇಕಾದ ಲೇಖನದ ಶೀರ್ಷಿಕೆ, ಅದರಡಿ ನನ್ನ ಫೋಟೊ, ಫೋಟೊದಲ್ಲಿ ಚಂಬು ಇರಬೇಕೋ ಬೇಡವೋ ಎಂಬ ಜಿಜ್ಞಾಸೆ, ಎಲ್ಲ ಒಟ್ಟಿಗೇ ನುಗ್ಗಿದವು. ಉತ್ಸಾಹ ತಡೆಯದೆ ಡೊಳ್ಳಿನ ಒಂದು ಗತ್ತನ್ನೇ ಬಾರಿಸಿದೆ. ಈ ಸಲ ಕದವೇ ಅದುರಿತು.

“ಅಳ್ಯಾರ, ಬಾರ್ಸೂದು ಸಾಕು, ಅಗಳಿ ತಗೀರಿ!”

ಅತ್ತೆ ಅಂಗಳಕ್ಕೆ ಹೋಗಿದ್ದನ್ನು ನಾನು ನೋಡಿರಲಿಲ್ಲ. ಚಂಬು ಕೈಯಲ್ಲಿದ್ದದ್ದರಿಂದ ನಾನೂ ಅಲ್ಲಿಗೇ ಹೊರಟಿದ್ದೆನೆಂದು ಅವರು ಗೌರವದಿಂದ ದಾರಿ ಬಿಟ್ಟರು. ಹೋಗಿ ಬಂದೆ. ಬೇರೆ ದಾರಿ ಇರಲಿಲ್ಲ. ಆದರೂ ಎರಡನೆಯ ಸಲದ ಆ ಮೂರು ಸದ್ದಿನಲ್ಲಿ ಒಂದಾದರೂ ಗೊದ್ದದ್ದೇ ಎಂದು ನನ್ನ ಗಟ್ಟಿ ನಂಬಿಕೆ.

ಸಿಟ್ಟು ಬರುವುದು ಬೇರೆ ಕಡೆ. ಇವು ಹಸಿ ಹಿಡಿದು ಮೆತ್ತಗಾದ ಮರವನ್ನೇ ಹುಡುಕುತ್ತವೆ. ತತ್ತಿಗೆ ತೇವ ಬೇಕು. ಮಣ್ಣಿನ ಮಾಳಿಗೆ ಇದ್ದಾಗ ಮಳೆಗಾಲದ ಮೊದಲು ಸವಳು ಮಣ್ಣು ಹರವುತ್ತಿದ್ದರು, ಚೌಕಟ್ಟು ಒಣಗಿಯೇ ಇತ್ತು. ಅದನ್ನು ಕಿತ್ತು ಸ್ಲ್ಯಾಬ್ ಹಾಕಿಸಿದೆವು, ಅದು ನೆಟ್ಟಗೆ ಚೌಕಟ್ಟಿನ ತಲೆಯ ಮೇಲೇ ಸೋರುತ್ತದೆ. ಹಾಕಿದವನು ಫೋನ್ ಎತ್ತುವುದಿಲ್ಲ. ಅಜ್ಜ ನಿಲ್ಲಿಸಿದ ಬೇವಿನ ಚೌಕಟ್ಟನ್ನು ಕೊಳೆಸಿದ್ದು ನಾವು. ಬೈಗುಳ ಮಾತ್ರ ಇರುವೆಗೆ.

ಬಡಗಿಯನ್ನು ಕರೆದೆ, ಎರಡು ಕಾಲಿನವನನ್ನು. ಕಾರಹುಣ್ಣಿಮೆ ಆಗಲಿ ಎಂದ. ಶೀಗಿ ಹುಣ್ಣಿಮೆಯೂ ಆಯಿತು. ಅಷ್ಟರಲ್ಲಿ ಹೆಂಡತಿ ಹೊಟ್ಟನ್ನು ಗುಡಿಸಿ ಡಬ್ಬಿಯಲ್ಲಿ ಕೂಡಿಡುತ್ತಿದ್ದಾಳೆ. ಕಿನ್ನಾಳದ ಚಿತ್ರಗಾರರು ಮರದ ಹೊಟ್ಟನ್ನು ಹುಣಸೆಬೀಜದ ಅಂಟಿನಲ್ಲಿ ಕಲಸಿ ಗೊಂಬೆಯ ಸಂದು ಮುಚ್ಚುತ್ತಾರಲ್ಲ, ಹಾಗೆ ನಾವೂ ಮುಚ್ಚೋಣ ಎಂದು ಅವಳ ಲೆಕ್ಕ. ಲೆಕ್ಕ ಸರಿಯೇ ಇದೆ. ಡಬ್ಬಿ ತುಂಬುವ ಹೊತ್ತಿಗೆ ಚೌಕಟ್ಟೇ ಡಬ್ಬಿಯಲ್ಲಿರುತ್ತದೆ.