ಹನಿಕೊಳವೆಯ ಬಾಯಲ್ಲಿ ಸುಣ್ಣಯ್ಯನವರು

ಕೋಲಾರದ ಕಡೆಯ ಒಂದು ಟೊಮೇಟೊ ತೋಟದಲ್ಲಿ, ಸಾವಿರ ಅಡಿಗೂ ಮಿಗಿಲಾದ ಆಳದಿಂದ ಎತ್ತಿದ ಕೊಳವೆಬಾವಿಯ ನೀರು ತೊಟ್ಟಿಕ್ಕಬೇಕಾದ ಹನಿಕೊಳವೆಯ ರಂಧ್ರವನ್ನು ಬಿಳಿಯ ಹಕ್ಕಳೆಯ ರೂಪದಲ್ಲಿ ಆವರಿಸಿಕೊಂಡು ಪರಮಗಾಂಭೀರ್ಯದಿಂದ ಆಸೀನರಾಗಿದ್ದ ಸುಣ್ಣಯ್ಯನವರು ನಮ್ಮ ಸಂದರ್ಶನಕ್ಕೆ ಸಮ್ಮತಿಸಿದುದು ಪತ್ರಿಕೆಯ ಮೇಲಿನ ಗೌರವದಿಂದಲ್ಲ, ಎದ್ದು ಹೋಗುವ ಶಕ್ತಿ ಅವರಿಗಿಲ್ಲದುದರಿಂದ.

ನಾವು: ತಾವು ಇಲ್ಲಿಗೆ ಬಿಜಯಂಗೈದ ಬಗೆ?

ಸುಣ್ಣಯ್ಯ: ನಾನಾಗಿ ಬಂದವನಲ್ಲ, ಕರೆತಂದವರು ನೀವು. ಮಳೆಯ ನೀರು ಮಣ್ಣಿಗಿಳಿಯುವಾಗ ಬೇರುಗಳು ಉಸಿರಾಡಿ ಬಿಟ್ಟ ಇಂಗಾಲಾಮ್ಲ ಅನಿಲವನ್ನು ಹೀರಿ, ಬಂಡೆಯ ಬಿರುಕುಗಳಲ್ಲಿ ಬಹುಕಾಲ ತಂಗಿ, ನನ್ನನ್ನು ಕರಗಿಸಿಕೊಂಡು ಬೈಕಾರ್ಬೊನೇಟೆಂಬ ಮಾರುವೇಷದಲ್ಲಿ ಇರಿಸಿಕೊಳ್ಳುತ್ತದೆ. ಮೇಲೆ ಬಂದು ಗಾಳಿ ಬಿಸಿಲು ತಗುಲಿದೊಡನೆ ಆ ಅನಿಲ ಹಾರಿಹೋಗುತ್ತದೆ, ನಾನು ಉಳಿಯುತ್ತೇನೆ. ಮನುಷ್ಯರು ಕುಡಿಯುವ ನೀರಿನಲ್ಲಿ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಮೀರಬಾರದೆಂದೂ, ಬೇರೆ ಗತಿಯಿಲ್ಲದಿದ್ದರೆ 600ರವರೆಗೆ ಆಗಬಹುದೆಂದೂ ಭಾರತೀಯ ಮಾನಕ ವಿಧಿಸಿದೆ. ಟೊಮೇಟೊ ಗಿಡಕ್ಕೆ ಮತದಾನದ ಹಕ್ಕಿಲ್ಲವಾದುದರಿಂದ ಅದರ ಅಭಿಪ್ರಾಯವನ್ನು ಯಾರೂ ಕೇಳಿದಂತಿಲ್ಲ.

ನಾವು: ತಮ್ಮ ಸಾನ್ನಿಧ್ಯದಲ್ಲಿ ಎಳೆಯ ಎಲೆಗಳು ಹಳದಿಗಟ್ಟಿ, ನರಗಳಷ್ಟೇ ಹಸಿರಾಗಿ ಉಳಿಯುವುವೆಂದು ದೂರಿದೆ.

ಸುಣ್ಣಯ್ಯ: ಕಬ್ಬಿಣವನ್ನು ನಾನು ಕದ್ದಿಲ್ಲ, ಮಣ್ಣಿನಲ್ಲಿ ಬೇಕಾದಷ್ಟಿದೆ. ರಸಸಾರ ಏಳೂವರೆಯನ್ನು ದಾಟಿತೆಂದರೆ ಅದು ಕರಗದು, ಬೇರಿಗೆ ದಕ್ಕದು, ಅಷ್ಟೆ. ರಂಜಕವನ್ನು ಮಾತ್ರ ನಾನೇ ಹಿಡಿದಿಟ್ಟುಕೊಂಡಿರುವೆನೆಂದು ಒಪ್ಪುತ್ತೇನೆ. ಅಂಗಡಿಯವರು ಕೊಡುವ ಗೊಬ್ಬರದಲ್ಲಿ ಕಬ್ಬಿಣವನ್ನು ಹಿಡಿದಿಟ್ಟಿರುವ ಇಡಿಟಿಎ ಇಂಥ ಮಣ್ಣಿನಲ್ಲಿ ಬಹುಬೇಗ ಅದನ್ನು ಕೈಬಿಡುತ್ತದೆ. ಇಡಿಡಿಎಚ್ಎ ಎಂಬುದು ನನಗೆ ಬಗ್ಗದು, ಆದರೆ ಅದರ ಬೆಲೆಗೆ ರೈತನೇ ಬಗ್ಗಬೇಕಾಗುತ್ತದೆ.

ನಾವು: ಟೊಮೇಟೊ ಕಾಯಿಯ ತುದಿ ಕಪ್ಪಾಗಿ ಕೊಳೆಯುವುದು ಕ್ಯಾಲ್ಸಿಯಂ ಕೊರತೆಯಿಂದ, ಅಂದರೆ ತಮ್ಮದೇ ಕೊರತೆಯಿಂದಂತೆ. ತಾವು ಇಷ್ಟು ವಿಜೃಂಭಿಸುತ್ತಿರುವ ತೋಟದಲ್ಲಿ ಕೊರತೆಯೆಂದರೆ?

ಸುಣ್ಣಯ್ಯ: (ನಗುತ್ತ) ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದಕ್ಕೆ ಸುಣ್ಣವೆನ್ನುತ್ತೀರಿ, ಆ ಬಡಪಾಯಿ ಕಾಯಿಗೆ ಸುಣ್ಣವೂ ಸಿಗದು. ನಾನು ನೀರಿನೊಡನೆಯಷ್ಟೇ ಸಂಚರಿಸುವವನು, ನೀರು ಧಾವಿಸುವುದು ಬೆವರುವ ಎಲೆಯತ್ತ. ಕಾಯಿ ಬೆವರುವುದು ಅತ್ಯಲ್ಪ. ಎಲೆಗೆ ಸೇರಿದ ಮೇಲೆ, ತಾಲ್ಲೂಕು ಕಚೇರಿಯವರೆಗೆ ಬಂದ ಅನುದಾನದಂತೆ, ಅಲ್ಲಿಂದ ಮುಂದಕ್ಕೆ ನನಗೆ ರಹದಾರಿಯಿಲ್ಲ. ಮೂರು ದಿನ ಕರೆಂಟಿಲ್ಲವೆಂದು ಗಿಡವನ್ನು ಒಣಗಿಸಿ, ನಾಲ್ಕನೆಯ ದಿನ ನಡುರಾತ್ರಿ ತ್ರೀಫೇಸ್ ಬಂದೊಡನೆ ಮೋಟಾರು ಹಾಕಿ ಮುಳುಗಿಸಿದರೆ ಕಾಯಿ ಕೊಳೆಯದೆ ಇನ್ನೇನು? ಸಮವಾಗಿ ನೀರುಣಿಸಿ, ಬುಡಕ್ಕೆ ಹುಲ್ಲು ಹೊದಿಸಿ ಎಂದರೆ ಕೇಳುವವರಾರು!

ನಾವು: ತಮ್ಮನ್ನು ಬೀಳ್ಕೊಡುವ ಉಪಾಯ?

ಸುಣ್ಣಯ್ಯ: ಮಣ್ಣಿನಿಂದಲೋ? ನೂರು ಕಿಲೋ ಸುಣ್ಣವನ್ನು ಕರಗಿಸಲು 32 ಕಿಲೋ ಗಂಧಕ ಬೇಕು. ಮೇಲ್ಮಣ್ಣಿನಲ್ಲಿ ನೂರಕ್ಕೆ ಒಂದು ಪಾಲು ನಾನಿದ್ದರೂ ಎಕರೆಗೆ ಎರಡೂವರೆ ಟನ್ನಿಗೂ ಮಿಗಿಲಾದ ಗಂಧಕ. ಆ ದುಡ್ಡಿದ್ದವನು ಟೊಮೇಟೊ ಏಕೆ ಬೆಳೆದಾನು? ಮನೆಯ ಯಂತ್ರದಲ್ಲಿ ನೀರನ್ನು ಮೆದುಗೊಳಿಸುವವರೋ, ನನ್ನನ್ನು ಹೊರದೂಡಿ ಸೋಡಿಯಮ್ಮಿಗೆ ಗೃಹಪ್ರವೇಶ ಮಾಡಿಸುತ್ತಾರೆ. ಗಿಡಕ್ಕೆ ಅದು ನನಗಿಂತ ಕೆಡುಕು. ನೀರಿಗೇ ಅಳತೆಯಾಗಿ ಆಮ್ಲ ಬೆರೆಸಿ ರಸಸಾರವನ್ನು ಆರೂವರೆಗೆ ತಂದರೆ ನಾನು ಹಕ್ಕಳೆಗಟ್ಟಲಾರೆ. ಆದರೆ ನೀರಿಗೆ ಆಮ್ಲ ಹೊಯ್ಯಬೇಕು, ಆಮ್ಲಕ್ಕೆ ನೀರಲ್ಲ. ಮುಖ ಸುಟ್ಟುಕೊಂಡವರು ನನ್ನನ್ನು ಬೈಯಬಾರದು. ರಂಜಕದ ಗೊಬ್ಬರವನ್ನು ನಾನಿರುವ ತೊಟ್ಟಿಗೇ ಸುರಿದು ನೀರು ಹಾಲಾಯಿತೆಂದು ಬೆರಗಾಗುವವರೂ ಉಂಟು. ನನಗೆ ನಿಜವಾಗಿ ಭಯವಿರುವುದು ಕೃಷಿಹೊಂಡದ ಮಳೆನೀರಿಗೆ. ಅದನ್ನು ಅರ್ಧಕ್ಕರ್ಧ ಬೆರೆಸಿದರೂ ನನ್ನ ಪ್ರತಾಪ ಅರ್ಧವಾಗುತ್ತದೆ.

ಅಷ್ಟರಲ್ಲಿ ತೋಟದ ಯಜಮಾನರು ಅಂಗಡಿಯವರ ಸಲಹೆಯಂತೆ ತಂದ ಮೂಟೆಯೊಂದನ್ನು ಬದುವಿನ ಮೇಲೆ ಇಳಿಸಿದರು. ಅದರ ಮೇಲೆ ಜಿಪ್ಸಂ ಎಂದು ಬರೆದಿತ್ತು.

"ಸೋಡಿಯಂ ಸೇರಿಕೊಂಡ ಚೌಳು ಮಣ್ಣಿನಲ್ಲಾದರೆ ಇವನು ವೈದ್ಯ, ಇಲ್ಲಿ ನಮ್ಮದೇ ಕ್ಯಾಲ್ಸಿಯಂ ಕುಲದ ಭಾವಮೈದುನ," ಎಂದರು ಸುಣ್ಣಯ್ಯನವರು, ಪರಮಾನಂದದಿಂದ. "ದಯಮಾಡಿ ಪ್ರಶ್ನೆಗಳನ್ನು ಮುಗಿಸಿ, ಮನೆಗೆ ನೆಂಟರು ಬಂದಿದ್ದಾರೆ."